ಬೀಜವೂ ನೆಲವೂ



ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಗಡ್ಡೆಯನ್ನು ತೆಗೆಸಿದ ಮೇಲೂ ಕೆಲವರಿಗೆ ಅದೇ ರೋಗ ಎಲುಬಿನಲ್ಲಿಯೋ ಶ್ವಾಸಕೋಶದಲ್ಲಿಯೋ ಕಾಣಿಸಿಕೊಳ್ಳುವುದುಂಟು. ಆಗ ಎಷ್ಟೋ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ಅವಳ ಕರ್ಮ’ ಎಂಬುದು. ರೋಗಿಯ ನೋವಿಗೆ ಅಪಮಾನವನ್ನೂ ಕೂಡಿಸುವ ಮಾತಿದು. ರೋಗವು ಹೀಗೆ ಏಕೆ ಹರಡುತ್ತದೆಂಬುದರ ಬಗೆಗೆ ವಿಜ್ಞಾನವು ಸಾಕಷ್ಟು ಬೆಳಕು ಚೆಲ್ಲಿದೆ. ಆ ಅರಿವು ಮನೆಮನೆಗೆ ಮುಟ್ಟಬೇಕೆಂಬುದು ನಮ್ಮ ಆಶಯ.

ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು ಈ ರೋಗದಿಂದ ಮಡಿದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 1889ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗವು ರಕ್ತದೊಡನೆ ಗೊತ್ತುಗುರಿಯಿಲ್ಲದೆ ಹರಿಯುವುದಾದರೆ ಎಲ್ಲ ಅವಯವಗಳಲ್ಲಿಯೂ ಒಂದೇ ತೆರನಾಗಿ ಕಾಣಬೇಕಿತ್ತು. ಆದರೆ ಅದು ಯಕೃತ್ತಿನಲ್ಲಿ ಹೆಚ್ಚಾಗಿಯೂ ಗುಲ್ಮದಲ್ಲಿ ತೀರ ವಿರಳವಾಗಿಯೂ ಕಂಡುಬಂದಿತು. ರೋಗದ ಬೀಜಕ್ಕೂ ಒಗ್ಗುವ ನೆಲ ಬೇಕೆಂದು ಅವರು ತೀರ್ಮಾನಿಸಿದರು. ಎರೆಭೂಮಿಯ ಬೆಳೆ ಬೇರೆ, ಮಸಾರಿಯ ಬೆಳೆ ಬೇರೆ ಎಂಬುದನ್ನು ಬಲ್ಲ ನಮ್ಮ ರೈತಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲವು ಬೀಜವನ್ನು ಸೆಳೆಯುವುದು ಹೇಗೆ? ನಮ್ಮ ಶರೀರದಲ್ಲಿ ಕೀಮೋಕೈನ್ ಎಂಬ ಸುಮಾರು 50 ಬಗೆಯ ಚಿಕ್ಕ ಪ್ರೋಟೀನುಗಳಿವೆ. ಕಾಲಿಗೆ ಮುಳ್ಳು ಚುಚ್ಚಿದಾಗ ಅಲ್ಲಿಯ ಜೀವಕೋಶಗಳು ಇವನ್ನು ಸ್ರವಿಸಿ ಬಿಳಿರಕ್ತಕಣಗಳನ್ನು ನೆರವಿಗೆ ಕರೆಯುತ್ತವೆ. ಆ ಕರೆಯನ್ನು ಗುರುತಿಸುವ ಗ್ರಾಹಕಗಳು ರಕ್ತಕಣಗಳ ಹೊರಮೈಯಲ್ಲಿವೆ. ಅವನ್ನು ಕಿವಿಗಳೆಂದರೂ ಸಲ್ಲುತ್ತದೆ. ಇದು ಶರೀರರಕ್ಷಣೆಯ ಕಾಯಕ. ಇದೇ ವ್ಯವಸ್ಥೆಯನ್ನು ಕ್ಯಾನ್ಸರ್ ಕೋಶವು ತನ್ನ ಸ್ವಾರ್ಥಕ್ಕೆ ಬಳಸಿಕೊಳ್ಳುತ್ತದೆ. ಸ್ತನದ ಕ್ಯಾನ್ಸರ್ ಕೋಶಗಳ ಮೇಲೆ ಸಿಎಕ್ಸ್‌ಸಿಆರ್-4 ಎಂಬ ಗ್ರಾಹಕವು ಹೇರಳವಾಗಿರುವುದನ್ನು 2001ರಲ್ಲಿ ಆಲ್ಬರ್ಟ್ ಜ್ಲಾಟ್ನಿಕ್ ಮೊದಲಾದ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ಹೊಂದುವ ಸಿಎಕ್ಸ್‌ಸಿಎಲ್-12 ಎಂಬ ಕೀಮೋಕೈನ್ ಎಲ್ಲೆಲ್ಲಿ ಹೆಚ್ಚಾಗಿತ್ತು? ದುಗ್ಧರಸಗ್ರಂಥಿಗಳಲ್ಲಿ, ಶ್ವಾಸಕೋಶದಲ್ಲಿ, ಯಕೃತ್ತಿನಲ್ಲಿ, ಎಲುಬಿನ ಮಜ್ಜೆಯಲ್ಲಿ. ಈ ರೋಗವು ಹೆಚ್ಚಾಗಿ ಹರಡುವ ಸ್ಥಾನಗಳೂ ಇವೇ. ಇಲಿಗಳಲ್ಲಿ ಈ ಕರೆಯನ್ನು ತಡೆದಾಗ ಹರಡುವಿಕೆಯೂ ತಗ್ಗಿತು.

ಗಡ್ಡೆಯು ದೂರದ ಕರೆಯನ್ನು ಆಲಿಸುವುದಷ್ಟೇ ಅಲ್ಲ, ನೆರೆಹೊರೆಯನ್ನೂ ಕೆಡಿಸುತ್ತದೆ. ಗಾಯವನ್ನು ಮಾಯಿಸುವ ನಾರುಕೋಶಗಳು ಗಡ್ಡೆಯ ಸಂಗದಲ್ಲಿ ತಮ್ಮ ಸ್ವಭಾವವನ್ನು ಬಿಟ್ಟು, ಅದೇ ಸಿಎಕ್ಸ್‌ಸಿಎಲ್-12 ಅನ್ನು ಸ್ರವಿಸುತ್ತ ಗಡ್ಡೆಯನ್ನು ಬೆಳೆಸುತ್ತವೆ, ಹೊಸ ರಕ್ತನಾಳಗಳ ರಚನೆಗೂ ನೆರವಾಗುತ್ತವೆ. ಅಕಿರಾ ಒರಿಮೊ ಮತ್ತು ರಾಬರ್ಟ್ ವೈನ್‌ಬರ್ಗ್ ಅವರ ತಂಡವು 2005ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಸಿಸಿಎಲ್-2 ಎಂಬ ಇನ್ನೊಂದು ಕರೆಗೆ ಓಗೊಟ್ಟು ಬರುವ ಬಿಳಿರಕ್ತಕಣಗಳು ಕ್ಯಾನ್ಸರ್ ಕೋಶವು ರಕ್ತನಾಳದಿಂದ ಹೊರನುಸುಳಿ ಶ್ವಾಸಕೋಶದಲ್ಲಿ ನೆಲೆಗೊಳ್ಳಲು ಸಹಾಯಮಾಡುವುದು 2011ರಲ್ಲಿ ಇಲಿಗಳ ಪ್ರಯೋಗದಿಂದ ತಿಳಿದುಬಂದಿತು. ಕಾವಲಿಗೆ ಕರೆದವರೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು. ಹಾಗೆಂದು ಎಲ್ಲ ಕೀಮೋಕೈನ್‌ಗಳೂ ಕೇಡಿನವಲ್ಲ. ಸಿಎಕ್ಸ್‌ಸಿಎಲ್-10ರಂತಹವು ಕ್ಯಾನ್ಸರನ್ನು ಕೊಲ್ಲಬಲ್ಲ ಕಣಗಳನ್ನೂ ಕರೆತರುತ್ತವೆ.

ಹಾಗಾದರೆ ಕೆಟ್ಟ ಕರೆಯನ್ನು ಔಷಧದಿಂದ ತಡೆದರಾಯಿತಲ್ಲವೇ ಎಂದು ಕೇಳಬಹುದು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇಲ್ಲಿ ಎಚ್ಚರಿಕೆ ಹೇಳುತ್ತದೆ. ಇಲಿಗಳಲ್ಲಿ ಸಿಸಿಎಲ್-2 ಅನ್ನು ತಡೆದಿರುವವರೆಗೆ ರೋಗದ ಹರಡುವಿಕೆ ತಗ್ಗಿತ್ತು. ಆ ತಡೆಯನ್ನು ನಿಲ್ಲಿಸಿದೊಡನೆ, ಮಜ್ಜೆಯಲ್ಲಿ ಕಟ್ಟಿಬಿದ್ದಿದ್ದ ಕಣಗಳು ಒಮ್ಮೆಗೇ ಹೊರನುಗ್ಗಿ, ರೋಗವು ಮೊದಲಿಗಿಂತ ವೇಗವಾಗಿ ಹರಡಿತು. ಆದುದರಿಂದ ಕೀಮೋಕೈನ್ ತಡೆಯುವ ಔಷಧಗಳು ಸ್ತನದ ಕ್ಯಾನ್ಸರಿಗೆ ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ಅಂತಹ ಗುಳಿಗೆಯನ್ನೋ ಬೇರನ್ನೋ ಕೊಡುತ್ತೇವೆಂದು ಹೇಳುವವರನ್ನು ನಂಬಿ ಕಾಲಹರಣ ಮಾಡಬಾರದು. ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋಥೆರಪಿ, ಹಾರ್ಮೋನ್ ಚಿಕಿತ್ಸೆ, ಕೆಲವರಿಗೆ ಟ್ರಾಸ್ಟುಜುಮ್ಯಾಬ್: ರೋಗಿಯ ಸ್ಥಿತಿಗೆ ತಕ್ಕಂತೆ ವೈದ್ಯರು ಆರಿಸುವ ಇವೇ ಇಂದು ಪರೀಕ್ಷೆಗೆ ನಿಂತ ಮಾರ್ಗಗಳು.

ಗಡ್ಡೆಯು ನೆರೆಹೊರೆಯನ್ನು ಒಲಿಸಿಕೊಳ್ಳಲು ಕಾಲಾವಕಾಶ ಬೇಕು. ಆ ಅವಕಾಶವನ್ನು ಎಷ್ಟೋ ಬಾರಿ ಕೊಡುವವರು ನಾವೇ. ನಮ್ಮ ನಾಡಿನ ಅನೇಕ ತಾಯಂದಿರು ನಾಚಿಕೆಯಿಂದ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟು, ಗಂಡನಿಗೂ ತಿಳಿಸದೆ, ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ಬಂಧುಗಳೆ, ನಮ್ಮ ಶರಣರು ಪಂಚಸೂತಕಗಳನ್ನು ನಿರಾಕರಿಸಿದವರು. ಮುಟ್ಟನ್ನೇ ಮೈಲಿಗೆಯೆನ್ನದ ಧರ್ಮದಲ್ಲಿ ಹುಟ್ಟಿದ ಹೆಣ್ಣುಮಗಳು ತನ್ನ ಅಂಗದ ರೋಗಕ್ಕೆ ನಾಚಬೇಕಾದುದೇನಿದೆ? ಲಿಂಗವನ್ನು ಧರಿಸಿದ ಅಂಗದಲ್ಲಿ ಹೇಳಬಾರದ ಭಾಗವೆಂಬುದಿಲ್ಲ.

ನೋವಿಲ್ಲದ ಗಂಟು, ತೊಟ್ಟಿನಿಂದ ರಕ್ತಸ್ರಾವ, ತೊಟ್ಟು ಒಳಕ್ಕೆ ಸೇದಿಕೊಳ್ಳುವುದು, ಚರ್ಮದಲ್ಲಿ ಕುಳಿ ಬೀಳುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಗಂಟುಗಳೆಲ್ಲ ಕ್ಯಾನ್ಸರಲ್ಲ, ಅದನ್ನು ನಿರ್ಣಯಿಸಬೇಕಾದುದು ಪರೀಕ್ಷೆಯೇ ಹೊರತು ಭಯವಲ್ಲ. ಅತ್ತೆಯಾದವರು ಸೊಸೆಯನ್ನೂ, ಮಕ್ಕಳು ತಾಯಿಯನ್ನೂ ಕೇಳಿ ವಿಚಾರಿಸಲಿ, ಜೊತೆಯಲ್ಲಿ ಆಸ್ಪತ್ರೆಗೆ ಹೋಗಲಿ. ಚಿಕಿತ್ಸೆಯ ದಿನಗಳಲ್ಲಿ ಅವಳ ಪಾಲಿನ ಮನೆಗೆಲಸವನ್ನು ಉಳಿದವರು ಹೊತ್ತುಕೊಂಡರೆ ಅದೂ ದಾಸೋಹವೇ. ಅವಳ ಕರ್ಮವನ್ನು ಆಡುವ ನಾಲಗೆ ಅವಳ ಕ್ಷೇಮವನ್ನು ವಿಚಾರಿಸುವುದನ್ನು ಕಲಿಯಲಿ.