ನೋವು ಕಾಲಿನಲ್ಲಿ, ಬೇರು ಸೊಂಟದಲ್ಲಿ

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಡಗಾಲು ನೆಲಕ್ಕೆ ಊರಿಯೂ ಊರದ ಹಾಗೆ, ಮೈ ಬಲಕ್ಕೆ ವಾಲಿತ್ತು. ಒಮ್ಮೆ ಸೀನಿದರು, ಕೈ ಥಟ್ಟನೆ ತೊಡೆಯ ಹಿಂಬದಿಗೆ ಹೋಯಿತು. “ಸೊಂಟದಿಂದ ಹಿಮ್ಮಡಿವರೆಗೆ ಕಾದ ತಂತಿ ಎಳೆದ ಹಾಗಾಗುತ್ತೆ ಕಣೋ” ಎಂದರು. ಎಂಟು ದಿನದಿಂದ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದರಂತೆ.

ಸೊಂಟದ ನರದ ಬೇರು ಕೆರಳಿ ಕಾಲಿಗಿಳಿಯುವ ನೋವು, ಸಯಾಟಿಕಾ, ಹೀಗೆಯೇ ದಾರಿ ತಪ್ಪಿಸುತ್ತದೆ. ಚರಕಸಂಹಿತೆ ಇದನ್ನು ಗೃಧ್ರಸಿ ಎಂದು ಕರೆದು, ನೋವು ಪೃಷ್ಠದಲ್ಲಿ ಹುಟ್ಟಿ ಸೊಂಟ, ತೊಡೆ, ಮೊಣಕಾಲು ಹಿಡಿದು ಪಾದ ಮುಟ್ಟುವ ಕ್ರಮವನ್ನೇ ಹೇಳಿದೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ನೋಡಿ ಇಟ್ಟ ಹೆಸರು ಎನ್ನುತ್ತಾರೆ. ಯುರೋಪಿನಲ್ಲಿ ಇದನ್ನು ಬಹುಕಾಲ ಕೀಲುನೋವಿನೊಂದಿಗೆ ಬೆರೆಸಿದ್ದರು. ಇದು ನರದ ಬೇನೆ ಎಂದು ಬೇರ್ಪಡಿಸಿ 1764ರಲ್ಲಿ ಬರೆದವರು ನೇಪಲ್ಸಿನ ವೈದ್ಯ ಡೊಮೆನಿಕೊ ಕೊಟುನ್ಯೊ. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹರಿದು ನರದ ಬೇರನ್ನು ಒತ್ತುವುದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ತೋರಿಸಿಕೊಟ್ಟರು.

“ಡಿಸ್ಕ್ ಜಾರಿದೆ” ಎಂದು ವೈದ್ಯರು ಅಂದಾಗ ಚಿಕ್ಕಮ್ಮನ ಜಂಘಾಬಲವೇ ಉಡುಗಿತು. ಈ ಮಾತನ್ನು ವೈದ್ಯರು ಬಿಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಹೊರಗಿನ ಗಟ್ಟಿ ಪದರ ಬಿರಿದು ಒಳಗಿನ ಮೆತ್ತನೆಯ ತಿರುಳು ಹೊರಚಾಚುತ್ತದೆ, ಪಕ್ಕದ ನರದ ಬೇರು ಕೆರಳಿ ಬಾತುಕೊಳ್ಳುತ್ತದೆ. ಆ ತಿರುಳನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ದೊಡ್ಡ ತುಣುಕಾದರೆ ಕರಗುವ ಸಾಧ್ಯತೆ ಇನ್ನೂ ಹೆಚ್ಚು. ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ.

ಹಾಗೆಂದು ಹಲಗೆಯ ಮೇಲೆ ಮಲಗಿರಬೇಕಿಲ್ಲ. ಎರಡು ವಾರ ಹಾಸಿಗೆ ಹಿಡಿದವರಿಗೆ ಉಳಿದವರಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲವೆಂದು 1999ರಲ್ಲೇ ನೆದರ್‌ಲೆಂಡ್ಸಿನ ಅಧ್ಯಯನವೊಂದು ಹೇಳಿತ್ತು. ಮಲಗುವಾಗ ಮೊಣಕಾಲಡಿ ದಿಂಬು, ಬಿಸಿನೀರಿನ ಶಾಖ, ವೈದ್ಯರು ಕೊಟ್ಟ ಮಾತ್ರೆ, ಒಂದೇ ಸಮನೆ ಕೂರದೆ ಆಗಾಗ ನಾಲ್ಕು ಹೆಜ್ಜೆ. ಬಗ್ಗಿ ಕೊಡಪಾನ ಎತ್ತುವುದು ಸದ್ಯಕ್ಕೆ ಬೇಡ.

ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು. ಅಂದೇ, ಆಗಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ನರ ಮತ್ತೆ ಚೇತರಿಸಿಕೊಳ್ಳದೇ ಹೋಗಬಹುದು.

ಚಿಕ್ಕಮ್ಮನಿಗೆ ಅಂಥದ್ದೇನೂ ಇರಲಿಲ್ಲ. ಮೊದಲ ವಾರ ಅಂಗಳದವರೆಗೆ, ಆಮೇಲೆ ಬೀದಿಯ ತುದಿಯವರೆಗೆ ನಡೆದರು. ನಿನ್ನೆ ಹೂವಿನಂಗಡಿಗೆ ಹೋಗಿಬಂದರಂತೆ. ಕಾಲಿನ ಕಿರುಬೆರಳಿನ ಜುಮ್ಮು ಮಾತ್ರ ಇನ್ನೂ ಉಳಿದಿದೆ.