ಓಡೋದು ಕುದುರೆ, ಸೋಲೋದು ನಾವು

ಲಕ್ಷ್ಮೀಪುರಂನ ನಮ್ಮ ರೂಮಿನಲ್ಲಿ ನಾವು ಮೂವರು. ಮೊದಲೇ ಒಪ್ಪಿಕೊಂಡುಬಿಡ್ತೀವಿ: ಹೋದ ಸೆಮಿಸ್ಟರ್‌ನಲ್ಲಿ ನಾವೂ ರೇಸ್‌ಗೆ ದುಡ್ಡು ಕಟ್ಟಿದ್ವಿ. ಯಾವ ಊರಿನ ರೇಸ್ ಅನ್ನೋದು ಬೇಡ. ಮೆಸ್‌ ಬಿಲ್‌ಗೆ ಅಂತ ಮನೆಯಿಂದ ಬಂದಿದ್ದ ದುಡ್ಡು ಅದು. ಮನೆಗೆ "ಬುಕ್ಸ್ ತಗೊಂಡ್ವಿ" ಅಂತ ಸುಳ್ಳು ಹೇಳಿದ್ವಿ.

ಚಾಮುಂಡಿ ಬೆಟ್ಟದಿಂದ ಕೆಳಗೆ ನೋಡಿದರೆ ರೇಸ್ ಕೋರ್ಸ್ ಹಸಿರು ಬಳೆ ಥರ ಕಾಣುತ್ತೆ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ. ನಮ್ಮ ಮೈಸೂರು ಡರ್ಬಿಯ ಆ 'ಡರ್ಬಿ' ಅನ್ನೋ ಹೆಸರು 1780ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ನಡೆದ ರೇಸ್‌ನಿಂದ ಬಂದಿದ್ದು. 2020ರಲ್ಲಿ ರಿಯಾದ್‌ನಲ್ಲಿ ಆರಂಭವಾದ ಸೌದಿ ಕಪ್‌ನ ಒಟ್ಟು ಬಹುಮಾನ 2 ಕೋಟಿ ಡಾಲರ್! ಇಂಥ ಮೊತ್ತ ಕೇಳಿದಾಗ ನಮಗೂ ಒಂದು ಪಾಲು ಸಿಗಬಹುದು ಅನ್ನಿಸುತ್ತೆ. ಆದರೆ ಬಹುಮಾನ ಹೋಗೋದು ಕುದುರೆಯ ಮಾಲೀಕರಿಗೆ. ಅದರಲ್ಲಿ ಟ್ರೈನರ್‌ಗೆ, ಜಾಕಿಗೆ ಪಾಲು. ಬಾಜಿ ಕಟ್ಟಿದವನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಅವನಿಗೆ ಬರೋದು ಸೋತವರ ದುಡ್ಡು.

ಟೋಟ್ ಲೆಕ್ಕ ನೋಡಿ. ಎಲ್ಲರೂ ಕಟ್ಟಿದ ದುಡ್ಡು ಒಂದೇ ಕಡೆ ಸೇರುತ್ತೆ. ಮೊದಲು ತೆರಿಗೆ, ಕ್ಲಬ್‌ನ ಪಾಲು ಕಳೆದು, ಉಳಿದಿದ್ದನ್ನು ಗೆದ್ದವರಿಗೆ ಹಂಚ್ತಾರೆ. ಉದಾಹರಣೆಗೆ ನೂರಕ್ಕೆ ಇಪ್ಪತ್ತು ಕಡಿತ ಅಂದುಕೊಳ್ಳಿ. ಬಂದಿದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ 100 ರೂಪಾಯಿ ಸರಾಸರಿ 80, 64, 51, 41 ಆಗಿ ಐದನೇ ರೇಸ್‌ಗೆ 33ಕ್ಕೆ ಇಳಿಯುತ್ತೆ. ಪ್ರಾಬಬಿಲಿಟಿ ಪೇಪರ್ ಪಾಸಾದವರು ನಾವು. ಈ ಲೆಕ್ಕ ಮಾಡಿದ್ದು ಮಾತ್ರ ದುಡ್ಡು ಹೋದ ಮೇಲೆ.

"ಸುಪ್ರೀಂ ಕೋರ್ಟೇ 1996ರಲ್ಲಿ ಕುದುರೆ ರೇಸ್ ಕೌಶಲದ ಆಟ ಅಂದಿದೆಯಲ್ಲ?" ಅಂತ ಗೆಳೆಯರು ಕೇಳ್ತಾರೆ. ಹೌದು, ಅಂದಿದೆ. ಕುದುರೆಯ ತಳಿ, ಹಿಂದಿನ ಓಟಗಳು, ಹೊರುವ ತೂಕ, ದೂರ, ಜಾಕಿ ಎಲ್ಲವನ್ನೂ ಅಳೆದು ನೋಡೋರಿಗೆ ಅದು ಕೌಶಲವೇ. ನಾವು ಕುದುರೆ ಆರಿಸಿದ್ದು ಹೇಗೆ ಗೊತ್ತಾ? ಹೆಸರು ಚೆನ್ನಾಗಿತ್ತು ಅಂತ!

ರೇಸ್ ನೋಡಬೇಡಿ ಅಂತ ನಾವು ಹೇಳ್ತಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರೋ ಕುದುರೆಯ ಚೆಲುವು ನೋಡೋಕೆ ದುಡ್ಡು ಕಟ್ಟಲೇಬೇಕು ಅಂತೇನಿಲ್ಲ. ಹೋಗಿ, ಕೂಗಿ, ಮಜಾ ಮಾಡಿ. ಮೆಸ್ ದುಡ್ಡು ಮಾತ್ರ ರೂಮಲ್ಲೇ ಇರಲಿ.

ಹೋದ ವಾರ ಮೂವರೂ ಮನೆಗೆ ಫೋನ್ ಮಾಡಿ ನಿಜ ಹೇಳಿದ್ವಿ. ಬೈಗುಳ ಸಿಕ್ತು. ಆದ್ರೆ ಒಬ್ಬರಮ್ಮ ಬೈಯಲಿಲ್ಲ. "ಊಟ ಬಿಟ್ಟಿದ್ರಾ ಮಗಾ?" ಅಂತ ಕೇಳಿದ್ರು, ಅಷ್ಟೇ. ಆ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರಲಿಲ್ಲ.