ತಾಯಿಯ ಓದು

ತಾಯಿಯೇ ಮೊದಲ ಗುರುವೆಂಬ ಮಾತು ಶಾಲೆಗಳ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕೇಳಿಬರದ ವರ್ಷವಿಲ್ಲ. ಮಾತು ಸತ್ಯವೇ ಆದರೂ, ಆಡುವವರಾಗಲಿ ಕೇಳುವವರಾಗಲಿ ಅದರ ಪೂರ್ಣಾರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ವಿರಳ. ಮಗುವಿಗೆ ಆರು ವರ್ಷ ತುಂಬಿ ಅದರ ಹೆಸರು ಶಾಲೆಯ ಹಾಜರಿ ಪುಸ್ತಕವನ್ನು ಸೇರಿದೊಡನೆ ಆ ಮೊದಲ ಗುರುವಿನ ಕಾರ್ಯ ಮುಗಿಯಿತೆಂದೇ ಎಲ್ಲರ ಭಾವನೆ. ಅಂದಿನಿಂದ ಅವಳ ಪಾಲಿಗೆ ಉಳಿಯುವುದು ಬುತ್ತಿ ಕಟ್ಟುವುದು, ಬಟ್ಟೆ ಒಗೆಯುವುದು, ಅಂಕಪಟ್ಟಿಗೆ ಸಹಿ ಹಾಕುವುದು. ಆ ಸಹಿಯೂ ಎಷ್ಟೋ ಮನೆಗಳಲ್ಲಿ ತಂದೆಯದೇ. ಆದರೆ ವೇದಿಕೆಯ ಆ ಮಾತನ್ನು ಅಕ್ಷರಶಃ ಆಚರಣೆಗೆ ತಂದ ತಾಯಂದಿರೂ ಜಗತ್ತಿನಲ್ಲಿದ್ದಾರೆ. ಅವರ ದಿನಚರಿಯನ್ನೂ ಆಸಕ್ತಿಗಳನ್ನೂ ತುಸು ಸಮೀಪದಿಂದ ನೋಡುವುದು ಶಿಕ್ಷಣಸಂಸ್ಥೆಗಳನ್ನು ಕಟ್ಟಿ ನಡೆಸುವವರಿಗೆ ನಿಷ್ಪ್ರಯೋಜಕವಾಗಲಾರದು.

ಅಂಥ ತಾಯಂದಿರ ಸಂಖ್ಯೆ ಗಣನೀಯವಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಮಕ್ಕಳನ್ನು ಶಾಲೆಗೆ ಕಳುಹಿಸದೆ, ತಂದೆತಾಯಿಗಳೇ ಎಲ್ಲ ವಿಷಯಗಳನ್ನೂ ಮನೆಯಲ್ಲಿ ಬೋಧಿಸುವ ಪದ್ಧತಿಗೆ ಅಲ್ಲಿ ಹೋಂಸ್ಕೂಲಿಂಗ್ ಎಂದು ಹೆಸರು, ಕನ್ನಡದಲ್ಲಿ ಗೃಹಶಿಕ್ಷಣವೆನ್ನಬಹುದು. ಶಾಲೆ ಬಿಟ್ಟ ಮೇಲೆ ಸಂಜೆ ನಡೆಯುವ ಮನೆಪಾಠ ಇದಲ್ಲ. ಇಲ್ಲಿ ಮನೆಯೇ ಶಾಲೆ. ಬಹುಮಟ್ಟಿಗೆ ತಾಯಿಯೇ ಉಪಾಧ್ಯಾಯಿನಿ. ೧೮೫೨ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಶಾಲಾ ಹಾಜರಾತಿಯನ್ನು ಕಡ್ಡಾಯಗೊಳಿಸಿತು. ೧೯೧೮ರಲ್ಲಿ ಮಿಸಿಸಿಪಿ ರಾಜ್ಯವೂ ಅದೇ ದಾರಿ ಹಿಡಿಯುವುದರೊಂದಿಗೆ ಆಗಿದ್ದ ರಾಜ್ಯಗಳೆಲ್ಲವೂ ಈ ನಿಯಮಕ್ಕೆ ಒಳಪಟ್ಟವು. ಅರ್ಧ ಶತಮಾನದ ಬಳಿಕ ಪ್ರತಿಕ್ರಿಯೆ ಆರಂಭವಾಯಿತು. ಸ್ವತಃ ಶಾಲಾ ಶಿಕ್ಷಕರಾಗಿದ್ದ ಜಾನ್ ಹೋಲ್ಟ್ ೧೯೭೭ರಲ್ಲಿ ಈ ವಿಷಯಕ್ಕೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಕೆಲವರು ಶಾಲೆಯ ಯಾಂತ್ರಿಕತೆಗೆ ಬೇಸತ್ತು, ಮತ್ತೆ ಹಲವರು ಧಾರ್ಮಿಕ ಕಾರಣಗಳಿಂದ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡರು. ನ್ಯಾಯಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ನಡೆದ ದೀರ್ಘ ಹೋರಾಟದ ಫಲವಾಗಿ ೧೯೯೩ರ ವೇಳೆಗೆ ಐವತ್ತೂ ರಾಜ್ಯಗಳಲ್ಲಿ ಈ ಪದ್ಧತಿ ಕಾನೂನುಸಮ್ಮತವಾಯಿತು. ೧೯೯೯ರಲ್ಲಿ ಹೀಗೆ ಕಲಿಯುತ್ತಿದ್ದ ಮಕ್ಕಳು ಸುಮಾರು ೮.೫ ಲಕ್ಷ, ೨೦೧೬ರಲ್ಲಿ ಸುಮಾರು ೧೭ ಲಕ್ಷ. ೨೦೨೦ರ ಮಹಾಮಾರಿಯ ಕಾಲದಲ್ಲಿ ಈ ಸಂಖ್ಯೆ ಮತ್ತಷ್ಟು ಏರಿತು.

ಕಾನೂನುಸಮ್ಮತವೆಂದರೆ ನಿರಂಕುಶವೆಂದಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬೇರೆ ಬೇರೆ. ಪೆನ್ಸಿಲ್ವೇನಿಯಾ ರಾಜ್ಯದ ೧೯೮೮ರ ಶಾಸನವನ್ನೇ ನೋಡಬಹುದು. ವರ್ಷಕ್ಕೆ ೧೮೦ ದಿನಗಳ ಪಾಠ, ಇಲ್ಲವೆ ಪ್ರಾಥಮಿಕ ಹಂತದಲ್ಲಿ ೯೦೦, ಪ್ರೌಢ ಹಂತದಲ್ಲಿ ೯೯೦ ಗಂಟೆಗಳ ಪಾಠ ನಡೆಯತಕ್ಕದ್ದು. ಓದಿಸಿದ ಪುಸ್ತಕಗಳ ಹೆಸರುಗಳನ್ನೂ ಮಕ್ಕಳ ಬರಹದ ಮಾದರಿಗಳನ್ನೂ ಒಂದು ಕಡತದಲ್ಲಿ ಕೂಡಿಡತಕ್ಕದ್ದು. ವರ್ಷಾಂತ್ಯದಲ್ಲಿ ಅರ್ಹ ಪರೀಕ್ಷಕರೊಬ್ಬರು ಅದನ್ನು ನೋಡಿ, ಮಗುವಿನೊಡನೆ ಮಾತನಾಡಿ, ಪ್ರಮಾಣಪತ್ರ ಕೊಡತಕ್ಕದ್ದು. ಇವೆಲ್ಲಕ್ಕಿಂತ ಗಮನಾರ್ಹವಾದ ನಿಯಮ ಇನ್ನೊಂದಿದೆ: ಬೋಧಿಸುವ ತಾಯಿ ಅಥವಾ ತಂದೆ ಪ್ರೌಢಶಾಲೆಯ ಶಿಕ್ಷಣವನ್ನಾಗಲಿ ಅದಕ್ಕೆ ಸಮಾನವಾದುದನ್ನಾಗಲಿ ಪೂರೈಸಿದವರಾಗಿರಬೇಕು. ಮಗುವನ್ನು ಶಾಲೆಯಿಂದ ದೂರವಿಡಬೇಕಾದರೂ ತಾಯಿ ಮೊದಲು ಶಾಲೆಯ ಮೆಟ್ಟಿಲು ಹತ್ತಿರಬೇಕು!

ಆ ರಾಜ್ಯದ ಸಣ್ಣ ಊರೊಂದರಲ್ಲಿರುವ ಮೂರು ಮಕ್ಕಳ ತಾಯಿಯೊಬ್ಬಳ ಒಂದು ದಿನವನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಮಕ್ಕಳು ಏಳುವ ಮುನ್ನ ಎದ್ದು, ಕಾಫಿಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಆಕೆ ಅರ್ಧ ಗಂಟೆ ತನ್ನ ಪುಸ್ತಕವನ್ನು ಓದುತ್ತಾಳೆ. ಬಳಿಕ ಉಪಾಹಾರ, ಪಾತ್ರೆ, ಬಟ್ಟೆ. ಒಂಬತ್ತು ಗಂಟೆಗೆ ಊಟದ ಮೇಜನ್ನು ಒರೆಸಿದರೆ ಅದೇ ತರಗತಿ. ಹನ್ನೆರಡರ ಹಿರಿಯ ಮಗ ಬೀಜಗಣಿತದ ಲೆಕ್ಕದಲ್ಲಿ ಮುಳುಗಿರುತ್ತಾನೆ. ಎಂಟರ ಮಗಳಿಗೆ ಭಾಗಾಕಾರ. ನಾಲ್ಕರ ಕಿರಿಯವನು ಮೇಜಿನ ಕೆಳಗೆ ಮಣ್ಣಿನ ಕುದುರೆ ಮಾಡುತ್ತಿರುತ್ತಾನೆ. ಇಪ್ಪತ್ತು ನಿಮಿಷಕ್ಕೊಂದು ಪಾಠ ಮುಗಿಯುತ್ತದೆ. ಇತಿಹಾಸದ ಒಂದು ಪ್ರಸಂಗವನ್ನು ತಾಯಿ ಒಮ್ಮೆ, ಒಮ್ಮೆ ಮಾತ್ರ, ಓದಿ ಹೇಳುತ್ತಾಳೆ. ಪುಸ್ತಕ ಮುಚ್ಚಿದ ಮೇಲೆ ಮಗಳು ಕೇಳಿದ್ದನ್ನು ತನ್ನ ಮಾತಿನಲ್ಲಿ ನಿರೂಪಿಸಬೇಕು. ನಡುವೆ ಬಾಯಿ ಹಾಕಿ ತಿದ್ದುವಂತಿಲ್ಲ. ಅಷ್ಟರಲ್ಲಿ ದೂರವಾಣಿ ಕರೆಯುತ್ತದೆ, ಬ್ರೆಡ್ಡಿನ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬರುತ್ತದೆ, ಮಣ್ಣಿನ ಕುದುರೆಯ ಕಾಲು ಮುರಿದು ಅಳು ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಿರಿಯರ ಪುಸ್ತಕದ ಪಾಠ ಮುಗಿದು ಹೊರಗಿನ ಪಾಠ ಆರಂಭವಾಗುತ್ತದೆ. ವಾರದಲ್ಲಿ ಒಂದು ದಿನ ಸಾರ್ವಜನಿಕ ಗ್ರಂಥಾಲಯ. ಮತ್ತೊಂದು ದಿನ ನಾಲ್ಕಾರು ಕುಟುಂಬಗಳು ಒಂದೆಡೆ ಸೇರಿ, ಒಬ್ಬ ತಾಯಿ ಲ್ಯಾಟಿನ್, ಇನ್ನೊಬ್ಬಳು ರಸಾಯನಶಾಸ್ತ್ರ, ಮತ್ತೊಬ್ಬಳು ಸಂಗೀತ ಎಂದು ಹಂಚಿಕೊಂಡು ಕಲಿಸುತ್ತಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅಂದಿನ ಪಾಠಗಳು ದಾಖಲೆಯ ಪುಸ್ತಕವನ್ನು ಸೇರುತ್ತವೆ.

ಸಂಕ್ಷಿಪ್ತ ಪಾಠ, ಒಂದೇ ಓದು, ನಿರೂಪಣೆ, ಪ್ರಕೃತಿವೀಕ್ಷಣೆ ಎಂಬೀ ಕ್ರಮ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಇದರ ಮೂಲಪುರುಷರೆನ್ನಿಸಿಕೊಳ್ಳಬೇಕಾದವರು ಒಬ್ಬ ಸ್ತ್ರೀ, ಇಂಗ್ಲೆಂಡಿನ ಷಾರ್ಲೆಟ್ ಮೇಸನ್. ೧೮೪೨ರಲ್ಲಿ ಜನಿಸಿದ ಅವರು ಅವಿವಾಹಿತೆಯಾಗಿಯೇ ಉಳಿದು ಅನೇಕ ವರ್ಷ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದರು. ಬ್ರಾಡ್‌ಫರ್ಡ್ ನಗರದಲ್ಲಿ ತಾಯಂದಿರಿಗಾಗಿ ಅವರು ಮಾಡಿದ ಉಪನ್ಯಾಸಗಳು ೧೮೮೬ರಲ್ಲಿ "ಹೋಂ ಎಜುಕೇಷನ್" ಎಂಬ ಗ್ರಂಥವಾದವು. ೧೮೯೨ರಲ್ಲಿ ಆಂಬಲ್‌ಸೈಡ್ ಎಂಬ ಊರಿನಲ್ಲಿ ಅವರು ಮನೆಗಳಲ್ಲಿ ಬೋಧಿಸುವ ಯುವತಿಯರಿಗೆ ತರಬೇತಿಯ ವಿದ್ಯಾಲಯವನ್ನು ತೆರೆದರು. ಪ್ರತಿ ಅವಧಿಗೂ ಪಾಠಕ್ರಮವನ್ನೂ ಪ್ರಶ್ನಪತ್ರಿಕೆಗಳನ್ನೂ ಅಂಚೆಯ ಮೂಲಕ ಮನೆಮನೆಗೆ ಕಳುಹಿಸುವ ಏರ್ಪಾಡು ಮಾಡಿದರು. ೧೯೨೩ರಲ್ಲಿ ತೀರಿಕೊಂಡ ಅವರ ವಿಚಾರಗಳು ಕಾಲಕ್ರಮದಲ್ಲಿ ಮಸುಕಾಗಿದ್ದವು. ೧೯೮೪ರಲ್ಲಿ ಸೂಸನ್ ಷೇಫರ್ ಮೆಕಾಲೆ ಬರೆದ ಪುಸ್ತಕವೊಂದು ಅವುಗಳನ್ನು ಅಮೆರಿಕದ ತಾಯಂದಿರಿಗೆ ಹೊಸದಾಗಿ ಪರಿಚಯಿಸಿತು. ಮನೆಯ ಪಾಠಕ್ಕೆ ದಾರಿ ತೋರಿದವರು ಶಾಲೆಯ ಉಪಾಧ್ಯಾಯಿನಿ ಎಂಬುದನ್ನು ಮರೆಯಬಾರದು. ಮನೆ ಮತ್ತು ಶಾಲೆ ಪರಸ್ಪರ ವೈರಿಗಳೆಂದು ವಾದಿಸುವ ಎರಡು ಪಕ್ಷದವರಿಗೂ ಇದೊಂದೇ ಉತ್ತರ ಸಾಕು.

ಇನ್ನು ತಾಯಿಯ ಆಸಕ್ತಿಗಳ ವಿಚಾರ. ಮಕ್ಕಳಿಗಾಗಿ ಸಮಸ್ತವನ್ನೂ ತೆತ್ತು ತಾನು ಬರಿದಾಗುವುದೇ ತಾಯ್ತನವೆಂಬ ಭಾವನೆ ಎಲ್ಲ ದೇಶಗಳಲ್ಲಿಯೂ ಇದೆ. ೧೮೯೦ರ ದಶಕದಲ್ಲಿ ಮೇಸನ್ನರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಈ ಭಾವನೆಯನ್ನೇ ಪ್ರಶ್ನಿಸಿತು. ತಾಯಿಯಾದವಳು ಕಠಿಣವಾದುದೊಂದು, ಸುಲಭವಾದುದೊಂದು, ಕಾದಂಬರಿಯೊಂದು, ಹೀಗೆ ಮೂರು ಪುಸ್ತಕಗಳನ್ನು ಯಾವಾಗಲೂ ಕೈಗೆಟುಕುವಂತೆ ಇಟ್ಟುಕೊಂಡು, ಅಂದಂದಿನ ಮನಸ್ಥಿತಿಗೆ ತಕ್ಕುದನ್ನು ಓದುತ್ತಿರಬೇಕೆಂಬುದು ಅದರ ಸಲಹೆ. ಈ ಮಾರ್ಗವನ್ನು ಅನುಸರಿಸುವ ತಾಯಂದಿರು ಇಂದಿಗೂ ಈ ಸಲಹೆಯನ್ನು ಪಾಲಿಸುತ್ತಾರೆ. ಜಲವರ್ಣದ ಪೆಟ್ಟಿಗೆ, ಹೆಣಿಗೆಯ ಕಡ್ಡಿ, ಹಿತ್ತಿಲ ಗಿಡಗಳು, ಹಕ್ಕಿಗಳ ಟಿಪ್ಪಣಿ ಪುಸ್ತಕ, ಇವು ಅವರ ಹವ್ಯಾಸಗಳು. ಮಕ್ಕಳಿಗೊಂದು ಪ್ರಕೃತಿ ಪುಸ್ತಕವಿದ್ದರೆ ತಾಯಿಗೂ ಒಂದಿರುತ್ತದೆ. ಶರತ್ಕಾಲದಲ್ಲಿ ಗಿಡುಗಗಳು ದಕ್ಷಿಣಕ್ಕೆ ವಲಸೆ ಹೋಗುವುದನ್ನು ನೋಡಲು ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಬೆಟ್ಟಕ್ಕೆ ತಾಯಿಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಒಂದು ಕಾಲಕ್ಕೆ ಬೇಟೆಗಾರರು ಸಾಲುಗಟ್ಟಿ ನಿಂತು ಆ ಹಕ್ಕಿಗಳನ್ನು ಹೊಡೆಯುತ್ತಿದ್ದ ಆ ಬೆಟ್ಟವನ್ನು ೧೯೩೪ರಲ್ಲಿ ಗುತ್ತಿಗೆಗೆ ಪಡೆದು ಪಕ್ಷಿಧಾಮವಾಗಿಸಿದವರು ರೋಸಲಿ ಎಡ್ಜ್ ಎಂಬ ಮಹಿಳೆ.

ಮೇಪಲ್ ಮರದ ಎಲೆ ಕೆಂಪಾಗುವುದೇಕೆಂದು ಮಗಳು ಕೇಳಿದರೆ ತಾಯಿಗೆ ಉತ್ತರ ತಿಳಿಯದಿರಬಹುದು. ಆಗ ಆಕೆ ಗದರುವುದಿಲ್ಲ, ಊಹೆಯ ಉತ್ತರವನ್ನೂ ಕೊಡುವುದಿಲ್ಲ. ಇಬ್ಬರೂ ಕೂಡಿ ಪುಸ್ತಕ ತೆರೆಯುತ್ತಾರೆ. ಹಳದಿ ಬಣ್ಣ ಎಲೆಯಲ್ಲಿ ಮೊದಲೇ ಇದ್ದು ಹಸಿರು ಅಳಿದಾಗ ಕಾಣಿಸುವುದೆಂದೂ, ಕೆಂಪು ಬಹುಪಾಲು ಆ ಋತುವಿನಲ್ಲಿಯೇ ಹೊಸದಾಗಿ ಉಂಟಾಗುವುದೆಂದೂ ಇಬ್ಬರೂ ಒಂದೇ ದಿನ ಕಲಿಯುತ್ತಾರೆ. ತನಗೆ ಕಲಿಸುವವರು ಇನ್ನೂ ಕಲಿಯುತ್ತಿದ್ದಾರೆಂಬುದನ್ನು ಕಣ್ಣಾರೆ ಕಂಡ ಮಗುವಿಗೆ ವಿದ್ಯೆಯಲ್ಲಿ ಗೌರವ ಹುಟ್ಟಿಸಲು ಬೇರೆ ಉಪದೇಶ ಬೇಕಿಲ್ಲ. ಗೃಹಶಿಕ್ಷಣದ ಸಾರ ಇರುವುದು ಇಲ್ಲಿ. ಮನೆಯೆಂಬುದರಲ್ಲಿ ಮಾಂತ್ರಿಕವಾದುದೇನೂ ಇಲ್ಲ. ಓದುವ ತಾಯಿ ಅಲ್ಲಿದ್ದಾಳೆಂಬುದೇ ವಿಶೇಷ.

ಈ ಚಿತ್ರಕ್ಕೆ ಇನ್ನೊಂದು ಮುಖವಿಲ್ಲದೆ ಇಲ್ಲ. ಮನೆಯ ದುಡಿಮೆ, ಬೋಧನೆ, ದಾಖಲೆ ಎಲ್ಲವೂ ಒಬ್ಬಳ ಮೇಲೆ ಬೀಳುವುದರಿಂದ ಬಳಲಿಕೆಯೂ ಒಂಟಿತನವೂ ಅವಳನ್ನು ಕಾಡುತ್ತವೆ. ಆಕೆ ಬಿಟ್ಟುಕೊಟ್ಟ ಉದ್ಯೋಗದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ತನ್ನ ಮನೆತನದವರಲ್ಲದ, ತನ್ನಂತಲ್ಲದ ಮಕ್ಕಳೊಡನೆ ಒಂದೇ ಸಾಲಿನಲ್ಲಿ ಕುಳಿತು ಬೆಳೆಯುವ ಭಾಗ್ಯ ಮಗುವಿಗೆ ಕಡಿಮೆಯಾಗುತ್ತದೆ. ನಿಯಮಗಳು ಸಡಿಲವಾಗಿರುವ ರಾಜ್ಯಗಳಲ್ಲಿ, ಕಲಿಸುತ್ತೇವೆಂದು ಹೇಳಿ ಕಲಿಸದಿರುವ ಮನೆಯೊಳಗಿನ ಮಗುವಿನ ಪಾಡು ಹೊರಗಿನವರ ಕಣ್ಣಿಗೆ ಬೀಳದೆ ಹೋಗಬಹುದು. ಆದುದರಿಂದ ಈ ಪದ್ಧತಿಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ವಿವೇಕವಲ್ಲ.

ಭಾರತದಲ್ಲಿಯೂ ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಕುಟುಂಬಗಳು ಈ ದಾರಿ ಹಿಡಿದಿವೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ೬ರಿಂದ ೧೪ ವಯಸ್ಸಿನ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆ; ಗೃಹಶಿಕ್ಷಣಕ್ಕೆಂದು ಪ್ರತ್ಯೇಕ ವ್ಯವಸ್ಥೆಯನ್ನು ಅದು ಸೂಚಿಸಿಲ್ಲ. ಹೀಗೆ ಕಲಿತ ಮಕ್ಕಳಲ್ಲಿ ಅನೇಕರು ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ಆದರೆ ಇಲ್ಲಿಯ ಬಹುಸಂಖ್ಯಾತ ತಾಯಂದಿರಿಗೆ ಈ ಮಾರ್ಗ ತೆರೆದಿಲ್ಲ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಏಳು ವರ್ಷ ಮೇಲ್ಪಟ್ಟ ಸ್ತ್ರೀಯರಲ್ಲಿ ಅಕ್ಷರಸ್ಥರು ನೂರಕ್ಕೆ ೬೮. ಉಳಿದವರ ಮಕ್ಕಳಿಗೆ ಶಾಲೆಯಲ್ಲದೆ ಬೇರೆ ಗತಿಯಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಮಠದ ಶಾಲೆಗಳಲ್ಲಿ ಕಲಿತು ಮುಂದೆ ಬಂದವರಲ್ಲಿ ಹಲವರು ಹೆಬ್ಬೆಟ್ಟು ಒತ್ತುತ್ತಿದ್ದ ತಾಯಂದಿರ ಮಕ್ಕಳೇ. ಅವರ ಪಾಲಿಗೆ ಶಾಲೆಯೇ ತಾಯಿಯ ಸ್ಥಾನದಲ್ಲಿ ನಿಂತಿತು.

ಹಾಗಾದರೆ ಪೆನ್ಸಿಲ್ವೇನಿಯಾದ ತಾಯಿಯಿಂದ ಇಲ್ಲಿಯ ಶಾಲೆ ಕಲಿಯಬೇಕಾದುದೇನು? ಮನೆಯ ಪದ್ಧತಿ ಶಾಲೆಗೆ ಒಗ್ಗದೆಂಬ ಸಂದೇಹಕ್ಕೆ ಇತಿಹಾಸದಲ್ಲಿಯೇ ಸಮಾಧಾನವಿದೆ. ೧೯೧೪ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಡ್ರಿಗ್ಲಿಂಗ್ಟನ್ ಎಂಬ ಊರಿನಲ್ಲಿ, ಗಣಿ ಕೆಲಸಗಾರರ ಮಕ್ಕಳು ಓದುತ್ತಿದ್ದ ಸಾರ್ವಜನಿಕ ಶಾಲೆಯಲ್ಲಿ ಮೇಸನ್ನರ ಕ್ರಮವನ್ನು ಜಾರಿಗೆ ತರಲಾಯಿತು; ಅಲ್ಲಿಂದ ಅದು ಇತರ ಶಾಲೆಗಳಿಗೂ ಹಬ್ಬಿತು. ಪಾಠ ಒಪ್ಪಿಸುವ ಬದಲು ಕೇಳಿದ್ದನ್ನು ಸ್ವಂತ ಮಾತಿನಲ್ಲಿ ನಿರೂಪಿಸುವ ಅಭ್ಯಾಸಕ್ಕೆ ಹಣ ಬೇಡ, ಕಟ್ಟಡ ಬೇಡ. ಶಿಕ್ಷಕರ ತಾಳ್ಮೆಯೊಂದಿದ್ದರೆ ಸಾಕು. ಪಠ್ಯಪುಸ್ತಕವಲ್ಲದ ಪುಸ್ತಕವೊಂದು ಶಿಕ್ಷಕರ ಮೇಜಿನ ಮೇಲೆ ಸದಾ ಇರಬೇಕೆಂಬುದು ಎರಡನೆಯ ಪಾಠ. ಓದುವುದನ್ನು ನಿಲ್ಲಿಸಿದ ಶಿಕ್ಷಕರು ಓದಿನ ಮಹಿಮೆಯನ್ನು ಎಷ್ಟು ವರ್ಣಿಸಿದರೂ ವಿದ್ಯಾರ್ಥಿಗಳು ನಂಬುವುದಿಲ್ಲ.

ಮೂರನೆಯದು ಮುಖ್ಯವಾದುದು; ಇದು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸೇರಿದ್ದು. ಶಾಲೆಗೆ ಕೊಠಡಿ ಕಟ್ಟಿಸಿದವರ, ಬೀಸಣಿಗೆ ಗಡಿಯಾರಗಳನ್ನು ಕೊಡಿಸಿದವರ ಹೆಸರುಗಳು ಗೋಡೆಗಳ ಮೇಲಿವೆ. ಆ ಔದಾರ್ಯ ಸ್ತುತ್ಯರ್ಹವಾದುದೇ. ಆದರೆ ವಿದ್ಯಾರ್ಥಿಗಳ ತಾಯಂದಿರಿಗಾಗಿ ಪುಸ್ತಕದ ಬೀರುವೊಂದನ್ನು ಕೊಡಿಸಿದವರ ಹೆಸರು ಯಾವ ಗೋಡೆಯ ಮೇಲಾದರೂ ಇದೆಯೇ? ಸಂತೆಯ ದಿನ ಸುತ್ತಲಿನ ಹಳ್ಳಿಗಳ ತಾಯಂದಿರು ಹೇಗೂ ಊರಿಗೆ ಬರುತ್ತಾರೆ. ಅಂದು ಮಧ್ಯಾಹ್ನ ಎರಡು ಗಂಟೆಯ ಕಾಲ ಶಾಲೆಯ ಗ್ರಂಥಾಲಯವನ್ನು ಅವರಿಗಾಗಿ ತೆರೆದಿಟ್ಟರೆ, ಓದು ಬಲ್ಲವರು ಪುಸ್ತಕ ಒಯ್ಯಬಹುದು. ಬಾರದವರು ಕುಳಿತು ಯಾರಾದರೂ ಓದುವುದನ್ನು ಕೇಳಬಹುದು. ಏಳನೆಯ ತರಗತಿಗೇ ಶಾಲೆ ಬಿಟ್ಟು, ಲಗ್ನವಾಗಿ, ಆಮೇಲೆ ಅಕ್ಷರವನ್ನೇ ಮುಟ್ಟದ ಹೆಣ್ಣುಮಕ್ಕಳು ಹಳ್ಳಿಗಳಲ್ಲಿ ಎಷ್ಟಿಲ್ಲ! ಅವರಿಗೆ ಬೇಕಾದುದು ಅಕ್ಷರಾಭ್ಯಾಸವಲ್ಲ. ಕಲಿತ ಅಕ್ಷರಕ್ಕೆ ಕೆಲಸ.

ಇದಕ್ಕೆ ಸರ್ಕಾರದ ಅನುದಾನವನ್ನು ಕಾಯಬೇಕಾಗಿಲ್ಲ. ಒಂದು ಬೀರು, ಇನ್ನೂರು ಪುಸ್ತಕ, ಸರದಿಯ ಮೇಲೆ ಬಂದು ಓದಿ ಹೇಳುವ ನಾಲ್ಕು ಮಂದಿ ಹಳೆಯ ವಿದ್ಯಾರ್ಥಿನಿಯರು ಇದ್ದರೆ ಕಾರ್ಯಾರಂಭವಾಗುತ್ತದೆ. ತಾಯಿ ಒಂದು ಪುಟ ಓದಿ ಮಗಿಸಿ ದೀಪ ಆರಿಸುವುದನ್ನು ನಿತ್ಯವೂ ಕಂಡ ಮಗು ಮರುದಿನ ಶಾಲೆಗೆ ಬರುವ ಬಗೆಯೇ ಬೇರೆ. ಮೊದಲ ಗುರುವೆಂಬ ಬಿರುದನ್ನು ತಾಯಿಗೆ ಕೊಟ್ಟು ಬಹುಕಾಲವಾಯಿತು. ಪುಸ್ತಕವನ್ನು ಅವಳ ಕೈಗೆ ಕೊಡುವುದು ಇನ್ನೂ ಬಾಕಿಯಿದೆ.